ರಾಜಮಾತೆಯರ ಪಾಠ

ತಮ್ಮ ಮನೋಜನ ಮೂರನೇ ಕರೆಯನ್ನೂ ಕಟ್ ಮಾಡಿ ನಿವೇದಿತಾ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದಳು. ನಾಲ್ಕನೇ ಸಲ ಅವನು ಭಾವನಿಗೇ ಮಾಡಿದ. ಅಜಯನಿಗೆ ಇಂಥ ಹೊತ್ತಿನಲ್ಲೂ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕುವ ಚಾಳಿ. ಸಿಡ್ನಿಯ ಕ್ರಿಮೆಟೋರಿಯಂ ಹಾಲಿನ ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ಅತ್ತ ತಿರುಗಿದರು.

"ಭಾವ, ಇಲ್ಲಿ ಮೆಲ್ಬರ್ನಲ್ಲಿ ಸಿಕ್ಕಾಪಟ್ಟೆ ಫಾಗ್. ಬೆಳಿಗ್ಗೆ ಆರಕ್ಕೆ ಕೂರಿಸಿದ್ದು, ಇನ್ನೂ ಟೇಕಾಫ್ ಆಗಿಲ್ಲ. ಈಗ ಬಿಡ್ತೀವಿ ಅಂತಿದಾರೆ. ನಾನು ಅಲ್ಲಿಗೆ ಬರೋ ಹೊತ್ತಿಗೆ ಒಂದು ಗಂಟೆ ಆಗುತ್ತೆ. ಹೇಗಾದ್ರೂ ಮಾಡಿ ಅಮ್ಮನ ಕಾರ್ಯ ನಿಲ್ಲಿಸ್ಕೊಳಿ ಭಾವ. ಅಕ್ಕನಿಗೆ ಹೇಳಿ, ಫೋನೇ ಎತ್ತುತಿಲ್ಲ."

ಅವನ ದನಿ ನಡುಗುತ್ತಿತ್ತು. ಸುಳ್ಳು ನಡುಕವಲ್ಲ, ನಿಜವಾದದ್ದೇ. ಆದರೆ ಗುರುವಾರ ಸಂಜೆಯೇ ಬಾ ಎಂದು ನಿವೇದಿತಾ ಎರಡು ಸಲ ಹೇಳಿದ್ದಳು. ಆಫೀಸಿನಲ್ಲಿ ಯಾವುದೋ ಹೊಸ ಸಾಫ್ಟ್‌ವೇರಿನ ಗೋ-ಲೈವ್ ಇದೆ, ಶುಕ್ರವಾರ ಬೆಳಗಿನ ಮೊದಲ ಫ್ಲೈಟಿಗೆ ಬರುತ್ತೇನೆ ಎಂದಿದ್ದ. ಚಳಿಗಾಲದ ಜುಲೈ ತಿಂಗಳಲ್ಲಿ ಮೆಲ್ಬರ್ನಿನ ಬೆಳಗಿನ ಫ್ಲೈಟನ್ನು ನಂಬುವವನನ್ನು ಏನೆನ್ನಬೇಕೋ!

"ಇರಿ, ಕೇಳ್ಕೊಂಡ್ ಬರ್ತೀನಿ," ಎಂದು ನಿವೇದಿತಾ ಒಳಗೆ ಹೋದಳು.

ಅಂತ್ಯಕ್ರಿಯೆಯ ಕಂಪನಿಯ ಹೆಂಗಸು ಬೂದು ಬಣ್ಣದ ಕೋಟು ತೊಟ್ಟು ಪಟ್ಟಿ ಹಿಡಿದು ಕೂತಿದ್ದಳು. ವಿಷಯ ಕೇಳಿ ಮುಖ ಸಪ್ಪೆ ಮಾಡಿದಳು. ಪಟ್ಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಮುಖ ಅರಳಿತು. ಮಧ್ಯಾಹ್ನ ಎರಡು ಗಂಟೆಗೆ ಬುಕ್ ಮಾಡಿದ್ದವರು ಮುಂದೂಡಿದ್ದಾರೆ, ಹಾಲ್ ಖಾಲಿ ಇದೆ, ನಿಮ್ಮ ತಮ್ಮನಿಗಾಗಿ ಖಂಡಿತ ಹಿಡಿದಿಡುತ್ತೇನೆ, ಹೆಚ್ಚಿಗೆ ಏನೂ ಕೊಡಬೇಕಿಲ್ಲ ಎಂದಳು.

ನಿವೇದಿತಾ ಗೋಡೆಯ ಗಡಿಯಾರ ನೋಡಿದಳು. ಹತ್ತೂ ಇಪ್ಪತ್ತು.

"ಬೇಡ, ಥ್ಯಾಂಕ್ಯೂ," ಎಂದಳು ಇಂಗ್ಲಿಷಿನಲ್ಲಿ. "ಹತ್ತೂವರೆಗೇ ಶುರು ಮಾಡೋಣ."

ಹೊರಗೆ ಬಂದು ಅಜಯನಿಗೆ, "ಬೇರೆ ಸ್ಲಾಟೇ ಇಲ್ವಂತೆ. ಮಂಗಳವಾರದವರೆಗೂ ಫುಲ್ಲಂತೆ," ಎಂದಳು. ಯಾರೂ ಅನುಮಾನ ಪಡಲಿಲ್ಲ. ಇಂಥ ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಪಕ್ಕದ ಬಡಾವಣೆ ಸ್ಕೋಫೀಲ್ಡ್ಸ್‌ನಿಂದ ಬಂದಿದ್ದ ಹೇಮಲತಾ ಆಂಟಿ ಅವಳ ಕೈ ಹಿಡಿದು, "ಹೋಗ್ಲಿ ಬಿಡು ನಿವಿ, ನಿನ್ನ ಕೈಲಿ ಆಗೋದನ್ನೆಲ್ಲ ಮಾಡಿದೀಯಮ್ಮ," ಎಂದರು.

ಪಕ್ಕದಲ್ಲಿ ಮಗಳು ಪ್ರಣತಿ ಚಳಿಗೆ ನಡುಗುತ್ತ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ. ಬೆಳಿಗ್ಗೆ ಐದಕ್ಕೆ ಎದ್ದು, ಗೀಸರ್ ಹಾಕದೆ ತಣ್ಣೀರು ಸುರಿದುಕೊಂಡು, ಅಜ್ಜಿಯ ನೂಲಿನ ಸೀರೆಯನ್ನು ಅಡ್ಡಾದಿಡ್ಡಿ ಉಟ್ಟು ಬಂದಿದ್ದಳು. ಹಿಂದಿನ ದಿನ ಸಂಜೆ ತಾಯಿ ಮಗಳು ಮಾತಾಡಿಕೊಂಡಿದ್ದರು. ಅಜ್ಜಿಗೆ ಬೆಂಕಿ ಕೊಡುವುದು ಹನ್ನೊಂದು ವರ್ಷ ನೋಡಿಕೊಂಡ ಅಮ್ಮನೇ. ಪಕ್ಕದಲ್ಲಿ ಪ್ರಣತಿ. ಚಿತಾಗಾರದ ಗುಂಡಿ ಒತ್ತುವಾಗ ಇಬ್ಬರ ಕೈಯೂ ಇರಬೇಕು. "ಪ್ರಾಮಿಸ್?" ಎಂದು ಮಗಳು ಕೇಳಿದ್ದಳು. "ಪ್ರಾಮಿಸ್," ಎಂದಿದ್ದಳು ನಿವೇದಿತಾ.

*

ನಿವೇದಿತಾಳ ಅಮ್ಮ ಭಾಗೀರಥಿ ಮೇಡಂ ತುಮಕೂರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟವರು. ಆಗ ಬಿ.ಎ.ಗೆ ಇಂಗ್ಲೆಂಡ್ ಇತಿಹಾಸದ ಪತ್ರಿಕೆ ಇನ್ನೂ ಇತ್ತು. ಮಿಕ್ಕವರ ಕ್ಲಾಸಿನಲ್ಲಿ ಆಕಳಿಸುವ ಹುಡುಗರು ಇವರ ಕ್ಲಾಸಿಗೆ ಮುಂದಿನ ಬೆಂಚು ಹಿಡಿಯಲು ಓಡಿ ಬರುತ್ತಿದ್ದರು. ಅವರು ಇಂಗ್ಲೆಂಡಿನ ಪಟ್ಟಕ್ಕಾಗಿ ನಡೆದ ಯುದ್ಧಗಳ ಇಸವಿಗಳನ್ನು ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಬರೆದು ಅಲ್ಲಿಗೇ ಬಿಡುತ್ತಿದ್ದರು.

"ಕತ್ತಿ ಹಿಡಿದೋರ ಹೆಸರೆಲ್ಲ ನೋಟ್ಸಲ್ಲಿದೆ, ಓದ್ಕೊಳ್ಳಿ. ನಾನು ಅವರ ಅಮ್ಮಂದಿರ ಕತೆ ಹೇಳ್ತೀನಿ."

ಏಳು ವರ್ಷದ ಮಗನನ್ನು ಕಟ್ಟಿಕೊಂಡು ಊರೂರು ಅಲೆದು ಸೈನ್ಯ ಕೂಡಿಸಿದ ಆಂಜೂವಿನ ಮಾರ್ಗರೆಟ್. ಒಬ್ಬ ಮಗ ಸತ್ತ ಮೇಲೆ ಅವನ ಮಕ್ಕಳ ಪಟ್ಟವನ್ನು ಇನ್ನೊಬ್ಬ ಮಗ ಕಸಿದುಕೊಂಡಾಗ ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಮನೆಯೊಳಗೆ ಕೂತ ಸೆಸಿಲಿ. ಇವರೆಲ್ಲ ತುಮಕೂರಿನ ಯಾವುದೋ ಬೀದಿಯಲ್ಲಿ ಹಪ್ಪಳ ಒಣಹಾಕುತ್ತ ಇದ್ದವರೇನೋ ಎನ್ನುವಂತೆ ಹೇಳುತ್ತಿದ್ದರು. ಅವರಿಗೆ ಅತಿ ಇಷ್ಟವಾದ ಪಾಠ ಇಬ್ಬರು ತಾಯಂದಿರ ಒಪ್ಪಂದದ್ದು.

"ನೋಡಿ. ಒಬ್ಬಳು ವಿಧವೆ ರಾಣಿ ಎಲಿಜಬೆತ್. ಇಬ್ಬರು ಗಂಡುಮಕ್ಕಳು ಕೋಟೆಯೊಳಗೆ ಹೋದೋರು ಹೊರಗೆ ಬರಲೇ ಇಲ್ಲ. ಹೆಣ್ಣುಮಕ್ಕಳನ್ನ ಕಟ್ಕೊಂಡು ಮಠದಲ್ಲಿ ಬಚ್ಚಿಟ್ಕೊಂಡಿದಾಳೆ. ಇನ್ನೊಬ್ಬಳು ಮಾರ್ಗರೆಟ್ ಬೋಫರ್ಟ್. ಇರೋದು ಒಬ್ಬನೇ ಮಗ, ಹೆನ್ರಿ. ಅವನು ದೇಶ ಬಿಟ್ಟು ಓಡಿಹೋಗಿದಾನೆ. ಇಬ್ಬರ ಕೈಲೂ ಏನಿಲ್ಲ. ಆದರೆ ಇಬ್ಬರಿಗೂ ಔಷಧಿ ಕೊಡೋ ವೈದ್ಯ ಒಬ್ಬನೇ! ನಾಡಿ ನೋಡೋ ನೆಪದಲ್ಲಿ ಅವನು ಅತ್ತಿಂದಿತ್ತ ಮಾತು ಸಾಗಿಸ್ದ. ನಿನ್ನ ಮಗಳನ್ನ ನನ್ನ ಮಗನಿಗೆ ಕೊಡು, ನಿನ್ನ ಕಡೆಯೋರು ನನ್ನ ಮಗನ ಕಡೆ ಬರಲಿ. ಎರಡು ವರ್ಷ. ಹೆನ್ರಿ ರಾಜ ಆದ. ಮೂವತ್ತು ವರ್ಷದ ಯುದ್ಧ ಮುಗೀತು. ಮುಗಿಸಿದ್ದು ಯಾರು?"

"ಅಮ್ಮಂದಿರು!" ಎಂದು ಇಡೀ ಕ್ಲಾಸು ಕೂಗುತ್ತಿತ್ತು.

ಮೂರನೇ ಬೆಂಚಿನಲ್ಲಿ ಕೂತಿದ್ದ ನಿವೇದಿತಾ ಅವತ್ತು ಎದ್ದು ನಿಂತಿದ್ದಳು. ಕಾಲೇಜಿನಲ್ಲಿ ಅಮ್ಮನನ್ನು ಮೇಡಂ ಎನ್ನಬೇಕೆಂದು ಮನೆಯಲ್ಲೇ ಕಟ್ಟಪ್ಪಣೆಯಾಗಿತ್ತು.

"ಆ ಹುಡುಗಿಯನ್ನ ಯಾರಾದ್ರೂ ಕೇಳಿದ್ರಾ ಮೇಡಂ?"

"ದಾಖಲೆ ಇಲ್ಲ. ಪರೀಕ್ಷೆಗೂ ಬರಲ್ಲ. ಕೂತ್ಕೋ."

ಕ್ಲಾಸು ಗೊಳ್ಳೆಂದು ನಕ್ಕಿತು. ನಿವೇದಿತಾಳೂ ನಕ್ಕಳು. ಅಮ್ಮನ ಪಾಠ ಅವಳಿಗೆ ಎಷ್ಟು ಹಿಡಿಸಿತ್ತೆಂದರೆ ತಾನೂ ಇತಿಹಾಸದಲ್ಲೇ ಎಂ.ಎ. ಮಾಡಿ, ಅದೇ ಬೋರ್ಡಿನ ಮುಂದೆ ನಿಂತು ಅದೇ ಕತೆಗಳನ್ನು ಹೇಳಬೇಕೆಂದು ತೀರ್ಮಾನಿಸಿಬಿಟ್ಟಿದ್ದಳು.

*

ಹಾಲಿನಲ್ಲಿ ಐವತ್ತು ಜನ ಇದ್ದರು. ಮುಕ್ಕಾಲು ಪಾಲು ನಿವೇದಿತಾಳ ಮನೆಯಿರುವ ಕ್ವೇಕರ್ಸ್ ಹಿಲ್ ಸುತ್ತಮುತ್ತಲವರೇ. ಮುಂದೆ ತೆರೆದ ಪೆಟ್ಟಿಗೆಯಲ್ಲಿ ಭಾಗೀರಥಿ ಮಲಗಿದ್ದರು. ಗೋಡೆಯ ಮೇಲಿನ ಕ್ಯಾಮೆರಾದಿಂದ ತುಮಕೂರಿನ ನೆಂಟರು ಬೆಳಗಿನ ಕಾಫಿ ಕುಡಿಯುತ್ತ ನೋಡುತ್ತಿದ್ದರು. ಪುರೋಹಿತ ಮೂರ್ತಿ ಅವರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವರು. ಇವತ್ತು ಅರ್ಧ ದಿನ ರಜೆ ಹಾಕಿ ಬಂದಿದ್ದರು. ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿಕಾಳು ಹಾಕಿ ಹೋದರು.

"ಆಂಟಿ ಮಗನ ಮನೆಯಿಂದ ಯಾವಾಗ ಬಂದಿದ್ರು?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

"ಇಲ್ಲೇ ಇದ್ರಲ್ಲಾ, ಮಗಳ ಮನೇಲಿ. ತುಂಬಾ ವರ್ಷದಿಂದ," ಎಂದರು ಹೇಮಲತಾ ಆಂಟಿ.

"ಹೌದಾ? ನಾನು ಕಂಡಾಗೆಲ್ಲ, ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದೀನಿ ಅನ್ನೋರು."

ಅದು ನಿವೇದಿತಾಳ ಕಿವಿಗೂ ಬಿತ್ತು. ಹೊಸದೇನಲ್ಲ. ಹನ್ನೊಂದು ವರ್ಷ ಅಮ್ಮ ಎಲ್ಲರಿಗೂ ಹೇಳಿದ್ದು ಇದನ್ನೇ. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೋಜ ಕೊಂಡ ಮನೆ "ನಮ್ಮ ಮನೆ". ಅಲ್ಲಿ ಸೊಸೆ ಪಲ್ಲವಿಗೂ ಅವರಿಗೂ ಇಪ್ಪತ್ತು ದಿನಕ್ಕಿಂತ ಹೆಚ್ಚು ಹೊಂದುತ್ತಿರಲಿಲ್ಲ. ಆದರೂ ಅದು ನಮ್ಮ ಮನೆಯೇ. ಕ್ವೇಕರ್ಸ್ ಹಿಲ್‌ನದು ಮಗಳ ಮನೆ. ಮಗಳ ಮನೆಯ ಅನ್ನ ತಿನ್ನುತ್ತಿದ್ದೇನೆ ಎಂಬ ಅಳುಕು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸಿನ ಬಟ್ಟೆಗಳನ್ನು ಅವರು ಬೀರುವಿಗೆ ಎತ್ತಿಡಲೇ ಇಲ್ಲ.

ಪ್ರಣತಿ ಮೈಕಿನ ಮುಂದೆ ಬಂದು ನಿಂತಳು. ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ, ಅದೂ ಇತಿಹಾಸ. ಕನ್ನಡದಲ್ಲೇ ಮಾತಾಡುತ್ತೇನೆಂದು ಹಟ ಮಾಡಿ ಎರಡು ದಿನ ಅಭ್ಯಾಸ ಮಾಡಿಕೊಂಡಿದ್ದಳು.

"ಅಜ್ಜಿ ನನಗೆ ತುಂಬಾ ಕತೆ ಹೇಳಿದಾರೆ. ಮಾರ್ಗರೆಟ್ ಬೋಫರ್ಟ್ ಅಂತ ಒಬ್ಬರು. ಅವರಿಗೆ ಹದಿಮೂರು ವರ್ಷಕ್ಕೇ ಮಗು ಆಯ್ತು. ಹೆರಿಗೆ ಕಷ್ಟ ಆಗಿ, ಆಮೇಲೆ ಮಕ್ಕಳೇ ಆಗ್ಲಿಲ್ಲ. ಆ ಮಗನ್ನ ರಾಜ ಮಾಡಿದ್ರು. ಅದು ಎಲ್ಲರಿಗೂ ಗೊತ್ತು. ಆದ್ರೆ ಅಜ್ಜಿ ನನಗೆ ಇನ್ನೊಂದು ಹೇಳಿದ್ರು. ಮುಂದೆ ಆ ರಾಜ ತನ್ನ ಮಗಳನ್ನ ಚಿಕ್ಕ ವಯಸ್ಸಲ್ಲೇ ಸ್ಕಾಟ್ಲೆಂಡ್‌ಗೆ ಮದುವೆ ಮಾಡಿ ಕಳಿಸ್ತೀನಿ ಅಂದಾಗ ಈ ಮಾರ್ಗರೆಟ್ ಅಜ್ಜಿ ಅಡ್ಡ ನಿಂತ್ರು. ಈಗಲೇ ಕಳಿಸ್ಬೇಡ, ಮಗು ಇನ್ನೂ ಸಣ್ಣದು ಅಂದ್ರು." ಪ್ರಣತಿ ಕೈಲಿದ್ದ ಚೀಟಿ ನೋಡಿಕೊಂಡಳು. "ನಾನು ಹಿಸ್ಟರಿ ತಗೊಳ್ತೀನಿ ಅಂದಾಗ ಮನೇಲಿ ಬೇಡ ಅಂದ್ರು, ಜಾಬ್ ಸಿಗಲ್ಲ ಅಂತ. ಅಜ್ಜಿ ಮಾತ್ರ ತಗೋ ಅಂದ್ರು. ನಿಮ್ಮಮ್ಮನಿಗೆ ನಾನು ಮಾಡಿದ್ದು ನಿನಗೆ ಆಗೋದು ಬೇಡ ಅಂದ್ರು. ಏನು ಮಾಡಿದ್ರಿ ಅಂತ ಕೇಳ್ದೆ. ಹೇಳ್ಲಿಲ್ಲ. ಥ್ಯಾಂಕ್ಯೂ."

ಜನ ಕಣ್ಣೊರೆಸಿಕೊಂಡರು. ನಿವೇದಿತಾಳ ಕಣ್ಣು ಒಣಗಿಯೇ ಇತ್ತು. ತಪ್ಪು ಮಾಡಿದ್ದು ತನಗೆ, ಒಪ್ಪಿಕೊಂಡಿದ್ದು ಮೊಮ್ಮಗಳ ಹತ್ತಿರ! ದಿನಕ್ಕೆರಡು ಸಲ ಮೈ ಒರೆಸಿ ಬಟ್ಟೆ ಬದಲಾಯಿಸುತ್ತಿದ್ದ ಮಗಳಿಗೆ ಆ ಒಂದು ಮಾತು ಹೇಳಲು ಹನ್ನೊಂದು ವರ್ಷದಲ್ಲಿ ಪುರುಸೊತ್ತೇ ಆಗಲಿಲ್ಲವೇ?

*

ಆಗ ನಿವೇದಿತಾಳಿಗೆ ಎಂ.ಎ.ಗೆ ಮೈಸೂರಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿಗೆಂದು ಟ್ರಂಕನ್ನೂ ಕೊಂಡಾಗಿತ್ತು. ಅಷ್ಟರಲ್ಲಿ ಸಿಡ್ನಿಯ ಸಂಬಂಧ ಬಂತು. ಇಲ್ಲಿ ವೈದ್ಯ ಬೇಕಾಗಲಿಲ್ಲ, ಬೆಂಗಳೂರಿನ ಯಾರದೋ ಮದುವೆಯ ಊಟದ ಪಂಕ್ತಿ ಸಾಕಾಯಿತು. ಅಜಯನ ತಾಯಿಯೂ ಭಾಗೀರಥಿಯೂ ಅಕ್ಕಪಕ್ಕ ಕೂತಿದ್ದರು. ಎಲೆ ಎತ್ತುವ ಹೊತ್ತಿಗೆ ಮಾತು ಮುಗಿದಿತ್ತು.

"ಓದೋದು ಅಲ್ಲೂ ಓದಬಹುದು," ಎಂದರು ಭಾಗೀರಥಿ ಮನೆಗೆ ಬಂದು. "ನೀನು ಒಂದ್ಸಲ ಅಲ್ಲಿ ನೆಲೆ ನಿಂತ್ರೆ ಮನೋಜನಿಗೂ ಒಂದು ದಾರಿ ಆಗುತ್ತೆ. ಅವನೊಬ್ಬ ದಡ ಸೇರಿದ್ರೆ ನನಗೆ ಇನ್ನೇನೂ ಬೇಡ."

ಮನೋಜನಿಗೆ ಆಗ ಹದಿನೆಂಟು. ಐದು ವರ್ಷದ ನಂತರ ಅವನು ಸ್ಟೂಡೆಂಟ್ ವೀಸಾದಲ್ಲಿ ಬಂದು ಅಕ್ಕನ ಮನೆಯಲ್ಲೇ ಇಳಿದ. ನಿವೇದಿತಾ ಕೈಗೂಸನ್ನು ಎತ್ತಿಕೊಂಡೇ ಅವನಿಗೆ ಡಬ್ಬಿ ಕಟ್ಟಿದಳು, ಸ್ಟೇಷನ್ನಿಗೆ ಬಿಟ್ಟು ಬಂದಳು, ಕಾಯಂ ವಾಸದ ಪಿಆರ್ ಅರ್ಜಿಗೆ ಕಾಗದ ಹೊಂದಿಸಿದಳು. ಪಿಆರ್ ಬಂದ ದಿನ ಭಾಗೀರಥಿ ತುಮಕೂರಿನ ಬೀದಿಗೆಲ್ಲ ಸಿಹಿ ಹಂಚಿದರಂತೆ. ಎಂ.ಎ. ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಿವೇದಿತಾ ಚೈಲ್ಡ್‌ಕೇರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲಿಯೇ ಇದ್ದಾಳೆ.

ಸಾಯುವುದಕ್ಕೆ ನಾಲ್ಕು ದಿನ ಮುಂಚೆ ಅಮ್ಮನಿಗೆ ಸ್ವಲ್ಪ ಎಚ್ಚರವಿತ್ತು. ಏದುಸಿರು ಬಿಡುತ್ತಿದ್ದರು. ನಿವೇದಿತಾ ಅವರನ್ನು ಮಗ್ಗುಲಾಗಿಸಿ ಡೈಪರ್ ಬದಲಾಯಿಸುತ್ತಿದ್ದಳು. ಅಮ್ಮ ಅವಳ ಮಣಿಕಟ್ಟು ಹಿಡಿದರು. ಈಗಲಾದರೂ ಏನಾದರೂ ಹೇಳಿಯಾರೆಂದು ನಿವೇದಿತಾ ಬಗ್ಗಿ ಕಿವಿ ಕೊಟ್ಟಳು.

"ಮನೋಜ ಬರೋವರೆಗೂ ಕಾಯಿ. ಎಷ್ಟು ಹೊತ್ತಾದ್ರೂ ಸರಿ. ಬೆಂಕಿ ಅವನೇ ಕೊಡ್ಬೇಕು. ನೀನು ಮುಂದೆ ನಿಂತು ಮಾಡಿಸು."

"ಆಯ್ತಮ್ಮ," ಎಂದಳು ನಿವೇದಿತಾ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಮಾತನ್ನು ಅವಳು ಅಜಯನಿಗೂ ಹೇಳಲಿಲ್ಲ. ಕೊಳೆಯಾದ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುವಾಗ ಅವಳ ಮನಸ್ಸು ಗಟ್ಟಿಯಾಗಿತ್ತು. ಅವನು ಹುಟ್ಟಿದಾಗಿನಿಂದ ಅವನಿಗಾಗಿ ಕಾದದ್ದು ಸಾಕು, ಇದೊಂದನ್ನು ಅವನಿಗೆ ಬಿಡುವುದಿಲ್ಲ.

*

ಪೆಟ್ಟಿಗೆಯ ಮುಚ್ಚಳ ಹಾಕಿ ಹಿಂದಿನ ಕೋಣೆಗೆ ತಳ್ಳಿಕೊಂಡು ಹೋದರು. ಅಲ್ಲಿಗೆ ಆರು ಜನಕ್ಕಿಂತ ಹೆಚ್ಚು ಬಿಡುವುದಿಲ್ಲ. ಮೂರ್ತಿ ಅವರು, ಅಜಯ್, ನಿವೇದಿತಾ, ಪ್ರಣತಿ, ಹದಿನೈದು ವರ್ಷದ ಮಗ ಇಶಾನ್ ಒಳಗೆ ಬಂದರು. ಎದುರಿಗೆ ಸ್ಟೀಲಿನ ಬಾಗಿಲು, ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಹಸಿರು ಗುಂಡಿ. ಗುಂಡಿ ಒತ್ತಿದರೆ ಬಾಗಿಲು ತೆರೆದು ಪೆಟ್ಟಿಗೆ ಒಳಗೆ ಹೋಗುತ್ತದೆ. ಇಲ್ಲಿ ಬೆಂಕಿ ಕೊಡುವುದೆಂದರೆ ಅಷ್ಟೇ.

ನಿವೇದಿತಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಪ್ರಣತಿ ಅವಳ ಪಕ್ಕಕ್ಕೆ ಬಂದು ನಿಂತಳು. ಮೂರ್ತಿ ಅವರು ದರ್ಭೆಯ ಪವಿತ್ರವನ್ನು ಕೈಯಲ್ಲೇ ಹಿಡಿದು ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಮೇಡಂ. ನೀವು ಮಾಡಿದ್ರೆ ತಪ್ಪು ಅಂತ ನಾನು ಖಂಡಿತ ಹೇಳಲ್ಲ. ಇದೇ ಊರಲ್ಲಿ ಮೂರು ಕಡೆ ಹೆಣ್ಣುಮಕ್ಕಳ ಕೈಲೇ ಮಾಡಿಸಿದೀನಿ. ಆದ್ರೆ ಅಲ್ಲೆಲ್ಲ ಗಂಡುಮಕ್ಕಳು ಇರ್ಲಿಲ್ಲ. ಇಲ್ಲಿ ಮಗ ಇದಾರೆ, ದಾರೀಲಿದಾರೆ. ಮಧ್ಯಾಹ್ನ ಬಂದು, ಇದು ಆಗೋಲ್ಲ, ಮುಂದಿನದೆಲ್ಲ ನಾನೇ ಮಾಡ್ತೀನಿ ಅಂತ ಕೂತ್ರೆ ನಾನು ಇಲ್ಲ ಅನ್ನೋಕಾಗಲ್ಲ."

"ಮತ್ತೆ?" ಎಂದಳು ನಿವೇದಿತಾ.

"ನಿಮ್ಮ ಮಗ ಇದಾನಲ್ಲ. ದೌಹಿತ್ರ, ಮಗಳ ಮಗ. ಮಗ ಹತ್ತಿರ ಇಲ್ಲದಾಗ ಅವನಿಗೆ ಪೂರಾ ಅಧಿಕಾರ ಇದೆ. ಒಂದ್ಸಲ ಅವನು ಕೈ ಹಾಕಿದ್ರೆ ಹದಿಮೂರು ದಿನವೂ ಅವನದೇ. ಯಾರು ಬಂದ್ರೂ ಪಕ್ಕದಲ್ಲಿ ಕೂತು ನೋಡ್ಬೇಕಷ್ಟೇ. ಮನೋಜ್ ಅವರೂ ಚಕಾರ ಎತ್ತೋ ಹಾಗಿಲ್ಲ."

ನಿವೇದಿತಾಳ ಕಣ್ಣಿಗೆ ಮನೋಜ ಕಂಡ. ಬ್ಯಾಗು ಹೆಗಲಿಗೇರಿಸಿ ಓಡುತ್ತ ಬರುತ್ತಾನೆ, ಅಳುತ್ತಾನೆ. ಜನವೆಲ್ಲ ಅವನ ಬೆನ್ನು ಸವರುತ್ತಾರೆ. ಅವಳು ಮಾಡಿದ್ದನ್ನೆಲ್ಲ ಸ್ಲೇಟಿನ ಮೇಲಿನದನ್ನು ಒರೆಸಿದಂತೆ ಒರೆಸಿ ಮತ್ತೆ ಮೊದಲಿಂದ ಶುರುಮಾಡುತ್ತಾರೆ. ತುಮಕೂರಿನವರು, ಸದ್ಯ, ಮಗನೇ ಮಾಡಿದನಲ್ಲ ಎನ್ನುತ್ತಾರೆ. ಅದು ಆಗಕೂಡದು.

"ಇಶಾನ್, ಮುಂದೆ ಬಾ," ಎಂದಳು.

ಇಶಾನ್ ಗಾಬರಿಯಾಗಿ ಅಕ್ಕನ ಮುಖ ನೋಡಿದ. "ನೋ ಮಮ್. ಪ್ರಣತಿ ಈಸ್ ರೆಡಿ. ಐ ಡೋಂಟ್ ಈವನ್ ನೋ ವಾಟ್ ಟು ಡೂ."

"ಮೂರ್ತಿ ಅಂಕಲ್ ಹೇಳ್ಕೊಡ್ತಾರೆ. ಬಾ ಅಂದ್ರೆ ಬಾ."

"ಅಮ್ಮಾ." ಪ್ರಣತಿಯ ದನಿ ಮೆಲ್ಲಗಿತ್ತು. "ನಾವಿಬ್ರೂ ಅಂದಿದ್ವಲ್ಲ. ಯೂ ಪ್ರಾಮಿಸ್ಡ್."

"ನಿನಗೆ ಗೊತ್ತಾಗಲ್ಲ, ಸುಮ್ನಿರು ಈಗ. ಮನೆಗೆ ಹೋಗಿ ಮಾತಾಡೋಣ."

"ಅಟ್‌ಲೀಸ್ಟ್ ನೀನು ಮಾಡು. ಅವನ್ಯಾಕೆ? ಅವನು ಅಜ್ಜಿ ರೂಮಿಗೇ ಹೋಗ್ತಿರ್ಲಿಲ್ಲ."

"ಪ್ರಣತಿ!"

ಮೂರ್ತಿ ಅವರು ಪವಿತ್ರವನ್ನು ಇಶಾನನ ಬೆರಳಿಗೆ ತೊಡಿಸಲು ಹೋದವರು ಕೆಳಗೆ ನೋಡಿ, "ಶೂ ಬಿಚ್ಚಪ್ಪ," ಎಂದರು. ಸ್ಕೂಲಿನ ಕಪ್ಪು ಶೂ. ಹುಡುಗ ಒಂಟಿಕಾಲಲ್ಲಿ ತೂರಾಡುತ್ತ ಬಿಚ್ಚಿದ, ಸಾಕ್ಸನ್ನೂ ಎಳೆದು ಶೂ ಒಳಗೆ ತುರುಕಿದ. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ನಿವೇದಿತಾ ಅವನ ಕೈಯಿಂದ ಶೂಗಳನ್ನು ಕಿತ್ತುಕೊಂಡು, ತಿರುಗಿ ನೋಡದೆ, ಪಕ್ಕಕ್ಕೆ ಚಾಚಿದಳು.

"ಹಿಡ್ಕೋ."

ಯಾರೋ ಹಿಡಿದುಕೊಂಡರು.

ಮಂತ್ರ ಎರಡೇ ನಿಮಿಷದಲ್ಲಿ ಮುಗಿಯಿತು. ಇಶಾನ್ ಅರ್ಧ ಹೇಳಿದ, ಅರ್ಧ ನುಂಗಿದ. ಗುಂಡಿಯ ಮುಂದೆ ಅವನ ಬೆರಳು ಹಿಂಜರಿಯಿತು. ನಿವೇದಿತಾ ಅವನ ಕೈ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು. ಬಾಗಿಲು ಮೇಲಕ್ಕೇರಿತು, ಕೆಂಪು ಬೆಳಕು ನೆಲದ ಮೇಲೆ ಬಿತ್ತು. ಪೆಟ್ಟಿಗೆ ಉರುಳೆಗಳ ಮೇಲೆ ನಿಧಾನವಾಗಿ ಒಳಗೆ ಹೋಯಿತು. ಬಾಗಿಲು ಮುಚ್ಚಿಕೊಂಡಿತು.

ಮುಗಿಯಿತು. ಇನ್ನು ಮನೋಜ ಬಂದು ಏನೂ ಮಾಡುವಂತಿಲ್ಲ. ನಿವೇದಿತಾಳ ಎದೆಯಲ್ಲಿ ಬಿಸಿ ಬಿಸಿ ಗೆಲುವು ಉಕ್ಕಿತು. ಮಗನ ತಲೆ ಸವರಿದಳು. "ಜಾಣ," ಎಂದಳು. ಇಷ್ಟು ಹೊತ್ತಿನ ಮೇಲೆ ಕಣ್ಣಲ್ಲಿ ನೀರೂ ಬಂತು. ಮಗಳನ್ನೂ ಹತ್ತಿರಕ್ಕೆ ಎಳೆದುಕೊಳ್ಳೋಣವೆಂದು ತಿರುಗಿದಳು.

ಪ್ರಣತಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ತಾಯಿಯನ್ನು ನೋಡುತ್ತಿದ್ದಳು. ಇನ್ನೂ ಆರದ ಕೂದಲು ಸೀರೆಯ ಹೆಗಲಿಗೆ ಅಂಟಿಕೊಂಡಿತ್ತು, ಎರಡೂ ಕೈಗಳಲ್ಲಿ ತಮ್ಮನ ದೊಡ್ಡ ಕಪ್ಪು ಶೂಗಳಿದ್ದವು. ಕೆಳಗಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.